ಮಾತು ಬರುವ ಪೇಷಂಟ್‌ಗಳ ಸಹವಾಸ

ನರ್ಸಿಂಗಿನಲ್ಲಿ ನನಗೆ ಬಾರದ ವಿದ್ಯೆಯೇ ಇಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದ ಕಾಲವೊಂದಿತ್ತು. ಉಡುಪಿಯಲ್ಲಿ ಡಿಪ್ಲೊಮಾ ಮುಗಿಸಿ ಮಸ್ಕತ್‌ಗೆ ಬಂದವಳು ಸೀದಾ ಆಪರೇಷನ್ ಥಿಯೇಟರ್ ಹೊಕ್ಕೆ. ಅಲ್ಲಿಂದ ಹೊರಬಂದದ್ದು ಊಟಕ್ಕೆ ಮತ್ತು ಹೆರಿಗೆ ರಜೆಗೆ ಮಾತ್ರ. ಸರ್ಜನ್ ಕೈ ಚಾಚುವ ಮೊದಲೇ ಕತ್ತರಿ ಅವರ ಅಂಗೈಯಲ್ಲಿರುತ್ತಿತ್ತು. ಅಷ್ಟು ವರ್ಷಗಳಲ್ಲಿ ಒಬ್ಬ ಪೇಷಂಟ್ ಕೂಡ ನನ್ನ ಮೇಲೆ ದೂರು ಹೇಳಿದ್ದಿಲ್ಲ. ಹೇಳುವುದಾದರೂ ಹೇಗೆ? ಅನಸ್ತೇಷಿಯಾ ಕೊಟ್ಟಾಗಿರುತ್ತಿತ್ತು!

ತೊಂಬತ್ತರ ದಶಕದ ಒಂದು ಬೆಳಿಗ್ಗೆ ಮೇಟ್ರನ್ ಕರೆಸಿದರು. "ಸಿಸ್ಟರ್ ಸ್ಟೆಲ್ಲಾ, ಇನ್ನು ಡಿಗ್ರಿ ಇಲ್ಲದವರ ಕಾಂಟ್ರಾಕ್ಟ್ ಮುಂದುವರಿಯುವುದು ಕಷ್ಟ" ಎಂದರು. ನನ್ನ ಕಾಲಡಿಯ ನೆಲ ಕುಸಿಯಿತು. ನಾವಿದ್ದ ಫ್ಲ್ಯಾಟು ಆಸ್ಪತ್ರೆ ಕೊಟ್ಟದ್ದು. ನನ್ನ ಗಂಡ ಲಾರೆನ್ಸ್, ವಾದಿ ಅದಾಯ್ ಎಂಬ ಬಡಾವಣೆಯ ಸ್ಪೇರ್ ಪಾರ್ಟ್ಸ್ ಅಂಗಡಿಯಲ್ಲಿ ಸ್ಟೋರ್‌ಕೀಪರ್. ಅವರೊಬ್ಬರ ಸಂಬಳದಲ್ಲಿ ಮಸ್ಕತ್‌ನಲ್ಲಿ ಸಂಸಾರ ಸಾಗುವ ಹಾಗಿರಲಿಲ್ಲ. ನನ್ನ ಕೆಲಸ ಹೋದರೆ ನಾನು, ಮಗಳು ಶೆರಿಲ್ ಊರಿಗೆ. ಅವರು ನಾಲ್ಕು ಜನರ ಜೊತೆ ಬ್ಯಾಚುಲರ್ ರೂಮಿಗೆ.

ಪುಣ್ಯಕ್ಕೆ, ಕೆಲಸ ಮಾಡುತ್ತಲೇ ಓದಬಹುದಾದ, ಭಾರತದ ವಿಶ್ವವಿದ್ಯಾಲಯವೊಂದರ ನರ್ಸಿಂಗ್ ಡಿಗ್ರಿಯಿತ್ತು. ಪುಸ್ತಕ ಅಂಚೆಯಲ್ಲಿ ಬರುತ್ತಿತ್ತು, ಪ್ರಾಕ್ಟಿಕಲ್ ನಮ್ಮ ಆಸ್ಪತ್ರೆಯಲ್ಲೇ. ಥಿಯರಿ ಸಲೀಸಾಗಿ ಪಾಸಾದೆ. ಆಮೇಲೆ ಗೊತ್ತಾಯಿತು: ಮಕ್ಕಳು, ಬಾಣಂತಿಯರು, ವಯಸ್ಸಾದವರು ಎಂದು ಬೇರೆ ಬೇರೆ ವಾರ್ಡಿನಲ್ಲಿ ದುಡಿದು ಕಲಿಯಬೇಕು, ಕೊನೆಗೆ ಪರೀಕ್ಷೆ. ಅದರಲ್ಲಿ ರೋಗಿಯೊಡನೆ ಮಾತನಾಡುವುದಕ್ಕೆ ಪ್ರತ್ಯೇಕ ಅಂಕ. ಅದರಲ್ಲಿ ಫೇಲಾದರೆ ಎಲ್ಲದರಲ್ಲೂ ಫೇಲ್!

ಲಾರೆನ್ಸ್ ಬಿದ್ದು ಬಿದ್ದು ನಕ್ಕರು. "ನಿಂಗೆ ಮಾತಾಡ್ಲಿಕ್ಕೆ ಪರೀಕ್ಷೆಯಾ? ಫಸ್ಟ್ ರ‍್ಯಾಂಕ್ ಗ್ಯಾರಂಟಿ ಮಾರಾಯ್ತಿ!"

ನಾನೂ ಹಾಗೆಯೇ ತಿಳಿದು ಮಕ್ಕಳ ವಾರ್ಡಿಗೆ ಹೊರಟೆ. ಅಭ್ಯಾಸಬಲದಿಂದ ಹಸಿರು ಟೊಪ್ಪಿ ಹಾಕಿದ್ದೆ, ಮಾಸ್ಕ್ ಕಟ್ಟಿದ್ದೆ. ಕಣ್ಣು ಎರಡು ಬಿಟ್ಟರೆ ಮುಖದಲ್ಲಿ ಬೇರೇನೂ ಕಾಣುತ್ತಿರಲಿಲ್ಲ. ಮೊದಲ ಮಂಚದ ಹುಡುಗಿ ನನ್ನನ್ನು ನೋಡಿ ಕಿಟಾರನೆ ಕಿರುಚಿದಳು. ಅವಳನ್ನು ಕಂಡು ಪಕ್ಕದವನು, ಅವನನ್ನು ಕಂಡು ಅದರಾಚೆಯವನು. ಇಡೀ ವಾರ್ಡೇ ಗೋಳೋ ಎಂದು ಅಳತೊಡಗಿತು! ಸಮಾಧಾನ ಮಾಡೋಣವೆಂದು ನಾನು ಇನ್ನೂ ಹತ್ತಿರ ಹೋದೆ. ವಾರ್ಡ್ ಸಿಸ್ಟರ್ ಓಡಿಬಂದು ನನ್ನ ತೋಳು ಹಿಡಿದು ಹೊರಗೆ ಬಿಟ್ಟರು.

ಸಂಜೆ ಮನೆಯಲ್ಲಿ ಹೇಳಿದಾಗ ಶೆರಿಲ್ ಗಂಭೀರವಾಗಿ, "ಮಮ್ಮಿ, ಯು ಶುಡ್ ಸ್ಮೈಲ್" ಎಂದಳು.

"ಮಾಸ್ಕ್ ಒಳಗೆ ನಗ್ತಾನೇ ಇದ್ದೆ!" ಎಂದೆ.

ಮುಂದಿನದು ಬಾಣಂತಿಯರ ವಾರ್ಡು. ಮಾಸ್ಕನ್ನು ಜಪ್ಪಯ್ಯ ಎಂದರೂ ಮುಟ್ಟಲಿಲ್ಲ. ಆದರೆ ಕೈಗಳನ್ನು ಏನು ಮಾಡುವುದು? ಥಿಯೇಟರಿನಲ್ಲಿ ಕೈ ತೊಳೆದ ಮೇಲೆ ಎರಡೂ ಕೈಯನ್ನು ಎದೆಯ ಮುಂದೆ ಎತ್ತಿ ಹಿಡಿಯಬೇಕು, ಯಾವುದಕ್ಕೂ ತಾಗಿಸಬಾರದು. ನಾನು ಹಾಗೇ ನಿಂತಿದ್ದೆ, ದೇವರಿಗೆ ಹರಕೆ ಹೊತ್ತವಳಂತೆ. ಒಂದು ಮಗುವಿನ ಅಜ್ಜಿ ಸಂಭ್ರಮದಿಂದ ಮೊಮ್ಮಗನನ್ನು ನನ್ನ ಕೈಗೆ ಕೊಡಲು ಬಂದರು. ನಾನು ಗಾಬರಿಯಿಂದ ಎರಡು ಹೆಜ್ಜೆ ಹಿಂದೆ ಸರಿದು, ನಮಸ್ಕಾರವಿಲ್ಲ, ಕುಶಲವಿಲ್ಲ, ನೇರವಾಗಿ ಕೇಳಿದೆ: "ಮಗು ಮೂತ್ರ ಮಾಡಿತಾ?"

ಅಜ್ಜಿ ಮಗುವನ್ನು ಎದೆಗವಚಿಕೊಂಡು ಗೋಡೆಯ ಕಡೆ ತಿರುಗಿ ಕುಳಿತರು. ಮತ್ತೆ ತಿರುಗಲೇ ಇಲ್ಲ.

ನನ್ನ ಜಂಭವೆಲ್ಲ ಅಲ್ಲಿಗೆ ಖಲಾಸ್! ಸ್ಟಾಫ್ ರೂಮಿನಲ್ಲಿ ಮುಸುಮುಸು ಅಳುತ್ತಿದ್ದಾಗ ಒಮಾನಿ ಸಹೋದ್ಯೋಗಿ ಜುವೈನಾ ಪಕ್ಕದಲ್ಲಿ ಕುಳಿತು ಹಿಂದಿಯಲ್ಲಿ ಬುದ್ಧಿ ಹೇಳಿದಳು. "ಸಿಸ್ಟರ್, ನಮ್ಮಲ್ಲಿ ಮೊದಲು ಕುಶಲ ಕೇಳಬೇಕು. ನೀವು ಹೇಗಿದ್ದೀರಿ, ಮನೆಯವರು ಹೇಗಿದ್ದಾರೆ, ಊರಿನ ಸುದ್ದಿ ಏನು. ಅದೆಲ್ಲ ಆದ ಮೇಲೆ ಕೆಲಸ. ಎದುರಿನವರು ಎಷ್ಟು ಕೇಳಿದರೂ ನಾವು ಉತ್ತರ ಕೊಡದೆ ಇರುವುದಿಲ್ಲ. ಕೊಡದಿದ್ದರೆ ಮರ್ಯಾದೆಯಲ್ಲ."

ಇಷ್ಟು ಸುಲಭವೇ! ಅವಳಿಂದ ಅರಬ್ಬಿಯಲ್ಲಿ ಎಲ್ಲ ಪ್ರಶ್ನೆಗಳನ್ನೂ ಬಾಯಿಪಾಠ ಮಾಡಿಕೊಂಡೆ. ಅಭ್ಯಾಸಕ್ಕೆ ಮನೆಯಲ್ಲಿ ಲಾರೆನ್ಸರೇ ರೋಗಿ. ಅವರು ಕೆಲಸದಿಂದ ಬಂದು ಶೂ ಬಿಚ್ಚುವ ಮೊದಲೇ ಶುರು: "ಕೇಫ್ ಹಾಲಕ್, ಹೇಗಿದ್ದೀರಿ? ಮನೆಯವರು ಹೇಗಿದ್ದಾರೆ? ಮಕ್ಕಳು ಹೇಗಿದ್ದಾರೆ?"

"ಮನೆಯವಳು ತಲೆ ತಿಂತಾ ಇದ್ದಾಳೆ" ಎಂದರು ಲಾರೆನ್ಸ್. "ಒಂದು ಲೋಟ ಚಾ ಸಿಗ್ತದಾ?"

ಪರೀಕ್ಷೆಯ ದಿನ ಬಂತು. ವಿಶ್ವವಿದ್ಯಾಲಯದಿಂದ ಬಂದ ಪರೀಕ್ಷಕಿ ಮೇಡಂ ಕನ್ನಡಕದ ಮೇಲಿನಿಂದ ನೋಡುವ ಜಾತಿಯವರು. ನನಗೆ ಸಿಕ್ಕ ರೋಗಿ ಸೂರ್ ಎಂಬ ಕಡಲತಡಿಯ ಊರಿನ ಒಬ್ಬ ಮುದುಕರು, ಮೀನುಗಾರಿಕೆಯಲ್ಲಿ ಬದುಕು ಕಳೆದವರು. ಸಕ್ಕರೆ ಕಾಯಿಲೆ, ಕಾಲಿನಲ್ಲಿ ಹುಣ್ಣು. ನಾನು ಅದಕ್ಕೆ ಡ್ರೆಸಿಂಗ್ ಮಾಡುತ್ತ ಅವರೊಂದಿಗೆ ಮಾತನಾಡಬೇಕು. ಮೇಡಂ ಮಂಚದ ಕಾಲ ಬಳಿ ನಿಂತರು. ನನ್ನ ಕಣ್ಣೆದುರು ಬ್ಯಾಚುಲರ್ ರೂಮಿನಲ್ಲಿ ತಾವೇ ಅನ್ನ ಬೇಯಿಸುವ ಲಾರೆನ್ಸ್ ಬಂದು ನಿಂತರು. ಯೇಸುವೇ ಎಂದು ಶುರುಮಾಡಿದೆ.

"ಕೇಫ್ ಹಾಲಕ್?"

"ಅಲ್‌ಹಮ್ದುಲಿಲ್ಲಾ" ಎಂದು ದೇವರನ್ನು ನೆನೆದು ಮುದುಕರು ನಕ್ಕರು.

ಆಹಾ! ಮೇಡಂ ಏನೋ ಬರೆದುಕೊಂಡರು. ನನಗೆ ಹುಮ್ಮಸ್ಸು ಬಂತು. ಮನೆಯವರು ಹೇಗಿದ್ದಾರೆ? ಅಲ್‌ಹಮ್ದುಲಿಲ್ಲಾ. ಗಂಡು ಮಕ್ಕಳು? ಅಲ್‌ಹಮ್ದುಲಿಲ್ಲಾ. ಹೆಣ್ಣು ಮಕ್ಕಳು? ಅಳಿಯಂದಿರು? ತಮ್ಮಂದಿರು? ಬ್ಯಾಂಡೇಜು ಸುತ್ತುತ್ತಿದ್ದ ಹಾಗೆ ಬಾಯಿಪಾಠ ಮುಗಿಯಿತು, ಮೇಡಂ ಮಾತ್ರ ಕದಲಲಿಲ್ಲ. ನಿಲ್ಲಿಸಿದರೆ ಅಂಕ ಹೋದೀತೆಂದು ಮತ್ತೆ ಮುಂದುವರಿಸಿದೆ. ದೋಣಿ ಹೇಗಿದೆ? ಬಲೆ ಹೇಗಿದೆ? ಆಡುಗಳು ಹೇಗಿವೆ? ನೆರೆಯವರ ಆಡುಗಳು? ಮುದುಕರ ಉತ್ತರ ಸಣ್ಣದಾಗುತ್ತ, ಸಣ್ಣದಾಗುತ್ತ ಬಂದು, ಕೊನೆಗೆ ತುಟಿ ಮಾತ್ರ ಅಲುಗಿತು. ನಾನು ಹವಾಮಾನದ ಬಗ್ಗೆ ಕೇಳುವಷ್ಟರಲ್ಲಿ ಸಣ್ಣಗೆ ಗೊರಕೆ ಕೇಳಿಸಿತು.

ಸತ್ತೆ ಎಂದುಕೊಂಡೆ! ಮೇಡಂ ಬಗ್ಗಿ ಅವರ ಮುಖ ನೋಡಿದರು. ಆಮೇಲೆ ನನ್ನ ಬೆನ್ನು ತಟ್ಟಿದರು.

"ಇಷ್ಟು ದೊಡ್ಡ ಹುಣ್ಣಿಗೆ ಡ್ರೆಸಿಂಗ್ ಮಾಡುವಾಗ ರೋಗಿ ನೆಮ್ಮದಿಯಿಂದ ನಿದ್ದೆ ಹೋಗಬೇಕಾದರೆ ನಿಮ್ಮ ಮಾತಿನಲ್ಲಿ ಏನೋ ಶಕ್ತಿ ಇರಬೇಕು. ನೀವು ಪಾಸ್, ಸಿಸ್ಟರ್. ಮಾತುಕತೆಯಲ್ಲಿ ನಿಮ್ಮದೇ ಅತಿ ಹೆಚ್ಚು ಅಂಕ!"

ಕೆಲಸ ಉಳಿಯಿತು, ಫ್ಲ್ಯಾಟು ಉಳಿಯಿತು, ಸಂಸಾರ ಉಳಿಯಿತು! ಮೇಡಂ ಹೋದ ಮೇಲೆ ಕಣ್ಣೀರು ಒರೆಸಿಕೊಂಡು, ಆ ಪುಣ್ಯಾತ್ಮರಿಗೆ ಒಂದು ಧನ್ಯವಾದ ಹೇಳೋಣವೆಂದು ತಿರುಗಿ ವಾರ್ಡಿಗೆ ಬಂದೆ. ಮಂಚದ ಸುತ್ತ ಪರದೆ ಎಳೆದಿತ್ತು. ಒಳಗೆ ಮುದುಕರ ದನಿ ಕೇಳಿಸಿತು. ಲವಲವಿಕೆಯ ದನಿ, ನಿದ್ದೆಯ ಸುಳಿವೇ ಇಲ್ಲ! ಜುವೈನಾಳನ್ನು ಕೇಳುತ್ತಿದ್ದರು: "ಖಲಾಸ್? ಆ ಹೆಂಗಸು ಹೋದಳಾ?"

ನಾನು ಪರದೆ ಸರಿಸಿದೆ. ಮುದುಕರು ನನ್ನನ್ನು ಕಂಡದ್ದೇ ತಡ, ಚಾದರವನ್ನು ತಲೆಯ ಮೇಲೆ ಎಳೆದುಕೊಂಡರು.