ಚನ್ನಯ್ಯ ಡಾಕ್ಟರರ ಕಾಗದದ ಹೊಟ್ಟೆ

"ವಿಲಾಯತಿ ಹೊಟ್ಟಿ ತರಿಸೋದು ಇನ್ನ ಬಂದ್! ನಮ್ಮ ಹುಡುಗರಿಗೆ ಶಹಾಪುರದ ಹೊಟ್ಟಿನ ಸಾಕು!"

ಪಡಸಾಲೆಯಲ್ಲಿ ನಿಂತು ಹೀಗೆ ಸಾರಿದವರು ಚನ್ನಯ್ಯ ಡಾಕ್ಟರು. ನಿಜಾಮರ ಆಳ್ವಿಕೆ ಆಗಷ್ಟೇ ಮುಗಿದಿತ್ತು. ಹೈದರಾಬಾದಿನ ಮೆಡಿಕಲ್ ಕಾಲೇಜಿನಲ್ಲಿ ಪಾಠ ಹೇಳುತ್ತಿದ್ದ ಅವರ ನೌಕರಿ ಮಾತ್ರ ಇನ್ನೂ ಕಾಯಂ ಆಗಿರಲಿಲ್ಲ. "ಶರೀರದ ಮಾದರಿಗಳನ್ನು ಅಗ್ಗದಲ್ಲಿ ಮಾಡಿ ತೋರಿಸು, ಕಾಯಂ ಮಾಡುತ್ತೇನೆ" ಎಂದಿದ್ದರು ಅಲ್ಲಿನ ದೊಡ್ಡ ಸಾಹೇಬರು.

ರಜೆಗೆ ತಮ್ಮೂರು ಶಹಾಪುರಕ್ಕೆ ಬಂದವರೇ ಹಳೆಯ ಉರ್ದು ಪತ್ರಿಕೆಗಳನ್ನೆಲ್ಲ ನೆನೆಹಾಕಿ, ಮೆಂತ್ಯ ಸೇರಿಸಿ, ಒರಳಿಗೆ ಹಾಕಿ ರುಬ್ಬಿದರು. ಹೆಂಡತಿ ಸೂಗಮ್ಮ ಇಣುಕಿ ನೋಡಿದಳು.

"ಇದೇನ್ರಿ, ನಾವು ಕಾಗದ ರುಬ್ಬಿ ರೊಟ್ಟಿಬುಟ್ಟಿ ಮಾಡಿದಂಗ ಮಾಡಾಕತ್ತೀರಿ?"

"ಬುಟ್ಟಿ ಅಲ್ಲ, ಜಠರ! ಇದು ಸಾಯನ್ಸು! ಅಡಿಗಿಮನಿ ಕಾರಭಾರ ಇದರಾಗ ನಡಿಯಂಗಿಲ್ಲ!"

ಹೊರಗೆ ಗುಲಾಬಿ ಬಣ್ಣ, ಒಳಗೆ ನೆರಿಗೆ ನೆರಿಗೆ, ಪಕ್ಕಕ್ಕೊಂದು ಮುಚ್ಚಳ. ಭಲೇ ಹೊಟ್ಟೆ! ಡಾಕ್ಟರು ಅದನ್ನು ಕೂಸಿನಂತೆ ಬಿಸಿಲಿಗಿಟ್ಟು ಒಣಗಿಸಿದರು.

ಹೊರಡುವ ದಿನ ಸೂಗಮ್ಮ ಬುತ್ತಿಯ ಮಾತೆತ್ತಿದಳು.

"ಬುತ್ತಿಗಂಟು ಬ್ಯಾಡ! ಕೈ ಖಾಲಿ ಇರಂಗಿಲ್ಲ ನನಗ, ಹೊಟ್ಟಿ ಹಿಡಕೊಂಡು ಹೋಗಬೇಕು!"

ಮೋಟಾರು ಹೊರಟಾಗ ಅವಳು ಹಿಂದಿನಿಂದ ಏನೋ ಕೂಗಿದಳು. ಎಂಜಿನ್ನಿನ ಅಬ್ಬರದಲ್ಲಿ ಒಂದಕ್ಷರವೂ ಕೇಳಲಿಲ್ಲ.

ಯಾದಗಿರಿಯಲ್ಲಿ ರೈಲು ಹತ್ತಿದ್ದೇ ತಡ, ಹಸಿವು ಶುರುವಾಯಿತು. ಎದುರಿನವರು ಗಂಟು ಬಿಚ್ಚಿ ಉಣ್ಣತೊಡಗಿದರು. ಬೇಡವೆಂದವರು ತಾವೇ, ಆದರೂ ಸಿಟ್ಟು ಬಂದದ್ದು ಹೆಂಡತಿಯ ಮೇಲೆ. ಬೇಡ ಎಂದರೆ ಕಟ್ಟಿಕೊಡಲೇಬಾರದೆ? ಎಲ್ಲಿಂದಲೋ ಶೇಂಗಾ ಹಿಂಡಿಯ, ಆ ಖಾರದ ಚಟ್ನಿಪುಡಿಯ, ಘಮ ಬೇರೆ! ಹಸಿದವನ ಭ್ರಮೆ ಎಂದುಕೊಂಡು ತೊಡೆಯ ಮೇಲಿನ ಕಾಗದದ ಹೊಟ್ಟೆಯನ್ನು ಇನ್ನಷ್ಟು ಅವಚಿಕೊಂಡರು.

ಮರುದಿನ ತರಗತಿ ತುಂಬಿತ್ತು. ದೊಡ್ಡ ಸಾಹೇಬರು ಮುಂದಿನ ಬೆಂಚಿನಲ್ಲೇ ಕುಳಿತಿದ್ದರು. ಡಾಕ್ಟರು ಗಂಟಲು ಸರಿಮಾಡಿಕೊಂಡರು.

"ನೋಡಿ! ಇದು ಮನುಷ್ಯನ ಖಾಲಿ ಜಠರ!"

ಮುಚ್ಚಳ ತೆಗೆದರು. ಒಳಗೆ ಮಡಚಿದ ಜೋಳದ ರೊಟ್ಟಿ, ಶೇಂಗಾ ಹಿಂಡಿ, ಮೇಲೊಂದು ಉಳ್ಳಾಗಡ್ಡಿ!

ತರಗತಿಗೆ ತರಗತಿಯೇ ಬಿದ್ದು ಬಿದ್ದು ನಕ್ಕಿತು. ಹೋಯಿತು ನೌಕರಿ, ಎಂದು ಡಾಕ್ಟರು ಬೆವೆತು ಹೋದರು. ಸಾಹೇಬರು ಎದ್ದು ಬಂದರು. ಹೊಟ್ಟೆಯನ್ನು ಬಡಿದು ನೋಡಿದರು, ಒಳಗೆ ಕೈಯಾಡಿಸಿದರು. ಹಿಂಡಿಯ ಎಣ್ಣೆ ಹೊರಗೆ ಒಂದು ಹನಿಯೂ ಸೋರಿರಲಿಲ್ಲ. ಒಂದು ತುಂಡು ರೊಟ್ಟಿ ಮುರಿದು ಬಾಯಿಗೂ ಹಾಕಿಕೊಂಡರು.

"ಶಾಬಾಶ್! ಗಟ್ಟಿ ಮಾಲು! ಕಾಯಂ ಮಾಡಿದೆ. ಆದರೆ ಚನ್ನಯ್ಯ, ಇದನ್ನು ತುಂಬಿದವರಿಗೆ ನನ್ನ ಸಲಾಮು ಹೇಳು."

ಊರಿಗೆ ಬಂದ ಡಾಕ್ಟರು ಸಲಾಮನ್ನು ಹಿಂದಿಟ್ಟುಕೊಂಡು, ಸಿಟ್ಟನ್ನು ಮುಂದೆ ಮಾಡಿದರು.

"ಅಲ್ಲ, ನನ್ನ ಜಠರದಾಗ ರೊಟ್ಟಿ ಯಾಕ ಇಟ್ಟಿ?"

ಸೂಗಮ್ಮ ಒಲೆಯ ಮುಂದಿನಿಂದ ತಲೆಯನ್ನೂ ಎತ್ತಲಿಲ್ಲ.

"ಕೈ ಖಾಲಿ ಇರಂಗಿಲ್ಲ ಅಂದ್ರಿ. ಹೊಟ್ಟಿ ಖಾಲಿನ ಇತ್ತಲ್ರಿ!"