ಕಪಾಟು ಸಿಗದ ಡಬ್ಬಿ

ಹೆಸರು ಎಲ್ಲಿ ಕೆಟ್ಟೀತೋ ಎಂದು ಎಲ್ಲರೂ ಹೆದರುತ್ತಾರೆ. ನನ್ನದು ಉಲ್ಟಾ. ನಾನು ಸಾಕಷ್ಟು ಕೆಟ್ಟಿಲ್ಲ ಎಂಬುದು ಎಲ್ಲಿ ಹೊರಬೀಳುತ್ತದೋ ಎಂಬ ಭಯ ನನಗೆ. ಕಲಬುರಗಿಯ ಅಪ್ಪಟ ಸಸ್ಯಾಹಾರಿ ಮನೆಯಲ್ಲಿ ಹುಟ್ಟಿ ಹೈದರಾಬಾದಿನಲ್ಲಿ ನೌಕರಿ ಮಾಡುವವನು ‘ಮನೆಯಲ್ಲಿ ಇಲ್ಲ, ಹೊರಗೆ ತಿಂತೀನಿ’ ಎನ್ನದಿದ್ದರೆ ಇಲ್ಲಿ ಅವನನ್ನು ಊಟಕ್ಕೆ ಕರೆಯುವವರಾದರೂ ಯಾರು? ನಾನೂ ಹಾಗೆ ಹೇಳಿಕೊಂಡೇ ಬಂದಿದ್ದೇನೆ. ನಿಮ್ಮೊಬ್ಬರಿಗೇ ಹೇಳುತ್ತೇನೆ, ಬಿರಿಯಾನಿಯ ಅನ್ನ ತಿಂದು ತುಂಡುಗಳನ್ನು ‘ನೀವು ತಗೊಳ್ಳಿ’ ಎಂದು ಪಕ್ಕದವರ ತಟ್ಟೆಗೆ ದಾಟಿಸುವುದೇ ನನ್ನ ಮಾಂಸಾಹಾರ. ಇದರಿಂದ ಆಫೀಸಿನಲ್ಲಿ ನನಗೆ ದೊಡ್ಡ ಮನಸ್ಸಿನವನೆಂಬ ಹೆಸರೂ ಬಂದಿದೆ.

ಹೀಗಿರುವಾಗ ನಮ್ಮ ಹಿಮಾಯತ್‌ನಗರದ ಆಫೀಸಿನವರು ಅನಂತಗಿರಿ ಗುಡ್ಡದಲ್ಲಿ ಟೆಂಟ್ ಹಾಕಿ ಉಳಿಯುವ ಯೋಜನೆ ಹಾಕಿದರು. ನಾನು ಜಂಬದಿಂದ ಬೇಯಿಸಿ ಸೀಲ್ ಮಾಡಿದ ಒಂದು ಮಟನ್ ಡಬ್ಬಿ ಕೊಂಡೆ. ಫ್ರಿಜ್ ಬೇಡ, ಕಪಾಟಿನಲ್ಲಿಟ್ಟರೆ ಸಾಕು, ಬಹುಕಾಲ ಕೆಡುವುದಿಲ್ಲ ಎಂದು ಅದರ ಮೇಲೆ ಬರೆದಿತ್ತು. ಯಾವ ಕಪಾಟು ಎಂದು ಮಾತ್ರ ಬರೆದಿರಲಿಲ್ಲ. ಕೂಕಟ್‌ಪಲ್ಲಿಯ ನಮ್ಮ ಫ್ಲಾಟಿನ ಅಡುಗೆಮನೆಯೊಳಗೆ ಅದು ಕಾಲಿಡುವಂತಿರಲಿಲ್ಲ. ಬೀರುವಿನಲ್ಲಿ ನನ್ನ ಹೆಂಡತಿ ಗಿರಿಜಾಳ ಹಬ್ಬದ ಸೀರೆಗಳಿದ್ದವು. ಕೊನೆಗೆ ಚಪ್ಪಲಿ ಸ್ಟ್ಯಾಂಡಿನಲ್ಲಿಟ್ಟೆ.

“ತಿನ್ನೂ ವಸ್ತು ಚಪ್ಪಲಿ ಜೋಡಿ ಇಡ್ತಾರೇನ್ರಿ? ನಾವು ತಿನ್ನಂಗಿಲ್ಲ ಖರೆ, ಆದ್ರ ತಿನ್ನೋರಿಗೆ ಅದೂ ಅನ್ನ ಅಲ್ಲೇನು?” ಎಂದು ಗಿರಿಜಾ ಅದನ್ನು ಅಲ್ಲಿಂದಲೂ ಎಬ್ಬಿಸಿದಳು. ಮಾಂಸವನ್ನು ಬೈಯುತ್ತಾಳೆ ಎಂದುಕೊಂಡಿದ್ದೆ. ಅದರ ಪರ ನಿಂತು ನನ್ನನ್ನು ಬೈದಳು. ಡಬ್ಬಿ ಸ್ಕೂಟರಿನ ಡಿಕ್ಕಿ ಸೇರಿತು.

ನಾವು ದಿನ ಗೊತ್ತುಮಾಡಿದ್ದು ಆಫೀಸಿನ ರಜೆ ನೋಡಿ, ಮನೆಯ ಪಂಚಾಂಗ ನೋಡಿ ಅಲ್ಲ. ಸಂಜೆ ಟೆಂಟಿನ ಮುಂದೆ ಕೂತು ನಾನು ಗತ್ತಿನಿಂದ ಡಬ್ಬಿ ಹೊರತೆಗೆದರೆ, ಗೆಳೆಯ ಯಾದಗಿರಿ ಮೊಸರನ್ನದ ಡಬ್ಬಿ ಬಿಚ್ಚುತ್ತಿದ್ದ. “ಶ್ರಾವಣಮಾಸಂ ಕದಾ ಸಾರ್!” ಎಂದ. ಶ್ರಾವಣವಲ್ಲವೇ, ಈ ತಿಂಗಳು ಅವರ್‍ಯಾರೂ ಮಾಂಸ ಮುಟ್ಟುವುದಿಲ್ಲ. ಉಳಿದವರ ಬುತ್ತಿಯಲ್ಲೂ ಪುಳಿಹೋರ ಎಂಬ ಹುಳಿಯನ್ನ, ಪೂರಿ. ನನಗೆ ಎಂಥ ನೆಮ್ಮದಿಯಾಯಿತೆಂದರೆ, ಜೋರಾಗಿ ‘ಛೇ, ಛೇ’ ಎಂದು ಮರುಗಿಬಿಟ್ಟೆ. ತಪ್ಪಾದದ್ದು ಅಲ್ಲೇ. ಯಾದಗಿರಿ ಕರಗಿಹೋದ. ನಮಗಾಗಿ ನೀವ್ಯಾಕೆ ಉಪವಾಸ ಇರಬೇಕು, ನೀವು ತಿನ್ನಿ ಸಾರ್, ನಮ್ಮದೇನೂ ಅಭ್ಯಂತರವಿಲ್ಲ ಎಂದು ನನ್ನ ಡಬ್ಬಿಯ ಮುಚ್ಚಳದ ರಿಂಗಿಗೆ ತಾನೇ ಬೆರಳು ಹಾಕಿದ. ಎಲ್ಲರೂ ನನ್ನ ಮುಖವನ್ನೇ ನೋಡುತ್ತಿದ್ದರು. ಪಕ್ಕದ ತಟ್ಟೆಗೆ ದಾಟಿಸೋಣವೆಂದರೆ ತಿನ್ನುವವರು ಒಬ್ಬರೂ ಇಲ್ಲ.

“ಬ್ಯಾಡ್ರಿ!” ಎಂದು ಕೂಗಿಯೇಬಿಟ್ಟೆ. ಆಮೇಲೆ ದನಿ ಸರಿಮಾಡಿಕೊಂಡು, ನಮ್ಮ ಮನೆಯಲ್ಲಿ ಶ್ರಾವಣ ಬಹಳ ಕಟ್ಟುನಿಟ್ಟು ಎಂದೆ. ಹನ್ನೆರಡು ತಿಂಗಳೂ ಶ್ರಾವಣವೇ ಎಂಬುದನ್ನು ಹೇಳಲಿಲ್ಲ. ಗಿರಿಜಾ ಕಟ್ಟಿಕೊಟ್ಟಿದ್ದ ಕಡಕ್ ರೊಟ್ಟಿ, ಶೇಂಗಾ ಹಿಂಡಿಯನ್ನು ಎಲ್ಲರೂ ಹಂಚಿಕೊಂಡು ತಿಂದೆವು. ಅವಕ್ಕೂ ಫ್ರಿಜ್ ಬೇಡ, ಬೇಗ ಕೆಡುವುದೂ ಇಲ್ಲ.

ಮನೆಗೆ ಬಂದು ಬ್ಯಾಗಿನಿಂದ ಡಬ್ಬಿ ತೆಗೆದಾಗ ಗಿರಿಜಾ ಅದನ್ನು ನನ್ನ ಕೈಯಿಂದ ಇಸಿದುಕೊಂಡಳು. ಗಾಳಿಗೆ ಬಡಿದುಕೊಳ್ಳುವ ಬಾಲ್ಕನಿ ಬಾಗಿಲು ಮುಚ್ಚದಂತೆ ಅದನ್ನು ಒತ್ತಾಗಿ ಇಟ್ಟಳು. ಮರುದಿನ ಪಕ್ಕದ ಬಾಲ್ಕನಿಯಿಂದ ಬೀದರಿನ ಅಕ್ಕನವರ ದನಿ ಕೇಳಿತು.

“ಅಯ್ಯ, ಮಟನ್ ಡಬ್ಬಿ ಏನ್ರಿ ಇದು? ನಿಮ್ಮನಿಯವ್ರು ತಿಂತಾರೇನು?”

“ಇಲ್ರಿ ಅಕ್ಕಾ. ಪಾಪ, ಅವರೆಲ್ಲಿ ತಿಂತಾರ. ಬರೇ ತರ್ತಾರ.”

ಆ ‘ಪಾಪ’ ಎಂಬುದು ನನಗೆ ಸರಿಯಾಗಿ ನಾಟಿತು. ಬಾಗಿಲನ್ನು ಧಡಾರನೆ ಹಾಕಿ ಸಿಟ್ಟು ತೋರಿಸಬೇಕೆಂದು ಎದ್ದು ಹೋದೆ. ಡಬ್ಬಿ ಅಡ್ಡವಿತ್ತು.