ಏರಿನಲ್ಲಿ ಮಾತ್ರ ಬರುವ ಸದ್ದು

ಮುಂಬಯಿಯಲ್ಲಿ ಬಾಳುವವನ ಕಿವಿಗೆ ದೇವರು ಒಂದು ಕದ ಇಟ್ಟಿರುತ್ತಾನೆ, ಬೇಡವೆನಿಸಿದಾಗ ಮುಚ್ಚಿಕೊಳ್ಳಬಹುದು. ಕುರ್ಲಾದ ನಮ್ಮ ಚಾಳಿನಲ್ಲಿ ಪಕ್ಕದವರ ಜಗಳ, ಮೇಲಿನವರ ಒರಳುಕಲ್ಲು, ಹಿತ್ತಲಿಗೆ ಅಂಟಿಕೊಂಡೇ ಓಡುವ ಲೋಕಲ್, ಇಷ್ಟರ ನಡುವೆಯೂ ನಾನು ಸುಖವಾಗಿ ಗೊರಕೆ ಹೊಡೆಯುತ್ತಿದ್ದೆ. ಆದರೆ ಸ್ವಂತ ಕಾರಿನ ಎಂಜಿನ್ ಒಂದು ಸಲ ಟಪ್ ಎಂದರೆ ಸಾಕು, ಆ ಕದ ತಾನಾಗಿ ತೆರೆದುಕೊಳ್ಳುತ್ತದೆ, ಮತ್ತೆ ಮುಚ್ಚುವುದಿಲ್ಲ.

ಕಾರು ನನ್ನದಾದದ್ದು, ಸ್ವರಾಜ್ಯ ಬಂದ ಕೆಲವು ವರ್ಷಗಳಿಗೆ ನಮ್ಮ ಆಫೀಸಿನ ಬಿಳಿಯ ಸಾಹೇಬ ವಿಲಾಯಿತಿಗೆ ಮರಳುವಾಗ ಬಿಟ್ಟುಹೋದದ್ದರಿಂದ. ಎರಡೂ ಬದಿಗೆ ನಿಲ್ಲಲು ಅಗಲವಾದ ಹಲಗೆ, ರೆಕ್ಕೆಯಂತೆ ಎರಡೂ ಕಡೆ ತೆರೆಯುವ ಬಾನೆಟ್ಟು. ಸಮನೆಲದಲ್ಲಿ ಬೆಕ್ಕಿನಂತೆ ಹೋಗುತ್ತಿತ್ತು. ಏರು ಸಿಕ್ಕಿತೋ, 'ಟಪ್ ಟಪ್ ಟಪ್' ಎಂದು ಶುರುಮಾಡುತ್ತಿತ್ತು. ಗ್ಯಾರೇಜಿನಲ್ಲಿ ನಿಲ್ಲಿಸಿ ಎಂಜಿನ್ ಓಡಿಸಿದರೆ ತುಟಿ ಪಿಟಕ್ಕೆನ್ನುತ್ತಿರಲಿಲ್ಲ. ಹೀಗಾಗಿ ಒಬ್ಬ ಮಿಸ್ತ್ರಿ "ಬೇರಿಂಗ್ ಗಯಾ ಸಾಬ್" ಎಂದ. ಇನ್ನೊಬ್ಬ ಪಿಸ್ಟನ್ ಎಂದ. ಮೂರನೆಯವನು ಕಣ್ಣುಮುಚ್ಚಿ ಬಹಳ ಹೊತ್ತು ಕೇಳಿ, ನನ್ನ ಕಿವಿಯನ್ನು ಒಮ್ಮೆ ಡಾಕ್ಟರಿಗೆ ತೋರಿಸಿಕೊಳ್ಳುವುದು ಒಳ್ಳೆಯದು ಎಂದ. ನಾನೂ ಕೈಕಟ್ಟಿ ಕೂತಿರಲಿಲ್ಲ. ನಟ್ಟಿನ ಪಾನಾ ಹಿಡಿದು, ಕಾರಿನಲ್ಲಿ ತಿರುವಲು ಬರುವುದನ್ನೆಲ್ಲ ತಿರುವಿ ಬಿಗಿ ಮಾಡಿದೆ. ಸದ್ದು ನಿಲ್ಲಲಿಲ್ಲ. ನನ್ನ ಬದಿಯ ಬಾಗಿಲು ಮಾತ್ರ ತೆರೆಯದಂತಾಗಿ, ಕೆಲವು ದಿನ ಹೆಂಡತಿಯ ಬದಿಯಿಂದ ನುಸುಳಿ ಕೂರಬೇಕಾಯಿತು.

ಇದನ್ನು ನಾನು ಹೇಗೋ ಸಹಿಸಿಕೊಳ್ಳುತ್ತಿದ್ದೆ. ಆದರೆ ನನ್ನ ಹೆಂಡತಿ ಗೋದಾಳ ಅಕ್ಕ ತುಂಗಕ್ಕ ತುಂಬಿದ ಬಸುರಿ. ಅವರ ಮನೆ ಅಂಧೇರಿಯಲ್ಲಿ. ಹೆರಿಗೆಗೆ ಗೊತ್ತುಮಾಡಿದ ಆಸ್ಪತ್ರೆ ಗ್ರಾಂಟ್ ರೋಡಿನಲ್ಲಿ. ಹಿಂದಿನ ಸಲ ಟ್ಯಾಕ್ಸಿ ಸಿಗದೆ ತಡವಾಗಿ, ಕೂಸು ಉಳಿದಿರಲಿಲ್ಲ. ಈ ಸಲ ನಮ್ಮ ಕಾರಿದೆ ಎಂದು ಗೋದಾ ಮಾತು ಕೊಟ್ಟಿದ್ದಳು. ಒಂದು ಸಂಜೆ ತುಂಗಕ್ಕನ ಗಂಡ ವಸಂತರಾಯರು ನಮ್ಮ ಜೊತೆ ಕಾರಿನಲ್ಲಿ ಬಂದವರು, ಏರಿನಲ್ಲಿ ಟಪ್ ಟಪ್ ಕೇಳಿ ಮುಖ ಸಣ್ಣದು ಮಾಡಿಕೊಂಡರು. "ಇದು ನಡುಹಾದ್ಯಾಗ ನಿಂತರ ಏನ್ರೀ ಗತಿ? ಬ್ಯಾಡ್ರಿ, ನಾ ಬ್ಯಾರೆ ಏನರೆ ನೋಡ್ತೇನಿ."

ಅವರು ಇಳಿದುಹೋದ ಮೇಲೆ ಗೋದಾ ಹೇಳಿದ್ದು ಇಷ್ಟೇ: "ನಮ್ಮ ಅಕ್ಕ ನಮ್ಮ ಗಾಡ್ಯಾಗ ಹೋಗಾಕಿ. ಏರಿನ್ಯಾಗ ಬರೋ ಸಪ್ಪಳಾ ಏರಿನ್ಯಾಗ ಹುಡಕಬೇಕು."

ಭಾನುವಾರ ಬೆಳಿಗ್ಗೆ ಅವಳು ಕಚ್ಚೆ ಬಿಗಿದು, ಸೀಮೆಎಣ್ಣೆ ಡಬ್ಬಕ್ಕೆ ಹಾಕುವ ರಬ್ಬರ್ ನಳಿಕೆಯನ್ನು ತೊಳೆದು ತಂದಳು. ರೈಲು ಹಳಿಗಳ ಮೇಲಿನ ಸೇತುವೆ, ಆ ಪುಲ್ಲಿನ ಏರಿನ ಬುಡದಲ್ಲಿ ಕಾರು ನಿಲ್ಲಿಸಿದೆ. ಗೋದಾ ಒಂದು ಕಡೆಯ ಬಾನೆಟ್ಟು ಎತ್ತಿ, ಬದಿಯ ಹಲಗೆಯ ಮೇಲೆ ನಿಂತು, ನಳಿಕೆಯ ಒಂದು ತುದಿಯನ್ನು ಕಿವಿಗೆ, ಇನ್ನೊಂದನ್ನು ಎಂಜಿನ್ನಿನ ಹತ್ತಿರ ಹಿಡಿದು "ನಡೀರಿ" ಎಂದಳು.

"ಬಿದ್ದರೆ?"

"ನೀವು ಮೆಲ್ಲಕ ಹೊಡೀರಿ, ನಾ ಬೀಳಂಗಿಲ್ಲ."

ಹತ್ತಿದೆವು, ಇಳಿದೆವು, ತಿರುಗಿಸಿಕೊಂಡು ಮತ್ತೆ ಹತ್ತಿದೆವು. ಇರಾಣಿ ಹೋಟೆಲಿನ ಗಿರಾಕಿಗಳು ಚಹದ ಕಪ್ಪುಬಸಿ ಹಿಡಿದೇ ಹೊರಗೆ ಬಂದು ನಿಂತರು. ನಾನು ಟೋಪಿಯನ್ನು ಹುಬ್ಬಿನವರೆಗೆ ಎಳೆದುಕೊಂಡೆ. ಅಷ್ಟರಲ್ಲಿ ಪೊಲೀಸಿನವನೊಬ್ಬ ಓಡಿಬಂದು, "ಓ ಬಾಯಿ! ಗಾಡೀಚ್ಯಾ ಪೋಟಾತ್ ಕಾಯ್ ಶೋಧತಾಯ್?" ಎಂದು ಗದರಿದ. ಗಾಡಿಯ ಹೊಟ್ಟೆಯಲ್ಲಿ ಏನು ಹುಡುಕುತ್ತಿದ್ದೀರಿ ಎಂದು ಅವನು ಕೇಳಿದ್ದು ನ್ಯಾಯವೇ. ಗೋದಾ ತಲೆ ಎತ್ತದೆ, ತುಟಿಯ ಮೇಲೆ ಬೆರಳಿಟ್ಟು, "ಚುಪ್!" ಎಂದಳು. ಸರ್ಕಾರಿ ಸಮವಸ್ತ್ರ ತೊಟ್ಟವನು ಹಾಗೆ ಗಪ್ಪಾದದ್ದನ್ನು ನಾನು ಬೇರೆಲ್ಲೂ ಕಂಡಿಲ್ಲ. ಮುಂದಿನ ಸಲ ನಾವು ಏರುವಾಗ ಅವನೇ ಕೈ ಚಾಚಿ ಎತ್ತಿನ ಗಾಡಿಗಳನ್ನು ತಡೆದು ನಿಲ್ಲಿಸಿದ್ದ.

ಪುಲ್ಲಿನ ನೆತ್ತಿ ಮುಟ್ಟುವಷ್ಟರಲ್ಲಿ ಗೋದಾ ಕೂಗಿದಳು: "ಸಿಕ್ತ್ರೀ! ನಳಿಕ್ಯಾಗ ಬಿಸಿ ಗಾಳಿ ಹೊಡೀತು!"

ಎಂಜಿನ್ನಿಗೆ ಹೊಗೆಯ ಕೊಳವೆ ಕೂಡುವ ಕಡೆ ಒಂದು ನಟ್ಟು ಸಡಿಲಾಗಿ, ಒಳಗಿನ ಪಟ್ಟಿ ಹರಿದಿತ್ತು. ಏರಿನಲ್ಲಿ ಎಂಜಿನ್ ತಿಣುಕಿದಾಗಲೆಲ್ಲ ಆ ಸಂದಿನಿಂದ ಹೊಗೆ ಟಪ್ ಎಂದು ಚಿಮ್ಮುತ್ತಿತ್ತು. ಸುತ್ತಲೂ ಮಸಿ ಹಿಡಿದಿತ್ತು. ಬೇರಿಂಗೂ ಇಲ್ಲ, ಪಿಸ್ಟನ್ನೂ ಇಲ್ಲ. ಹೊಸ ಪಟ್ಟಿ ತಂದು ಕೂರಿಸಿದ್ದು ನಾನೇ. ಎಂಜಿನ್ ಆರುವವರೆಗೆ ಕಾಯದೆ ಬೆರಳು ಸುಟ್ಟುಕೊಂಡದ್ದೂ ನಾನೇ. ಸಂಜೆ ಅದೇ ಪುಲ್ಲನ್ನು ಕಾರು ಮೌನವ್ರತ ಹಿಡಿದಂತೆ ಹತ್ತಿತು.

ಮುಂದಿನ ವಾರ, ರಿಪೇರಿಯಾದ ಕಾರನ್ನು ವಸಂತರಾಯರಿಗೆ ತೋರಿಸಲೆಂದೇ ಅಂಧೇರಿಗೆ ಊಟಕ್ಕೆ ಹೋದೆವು. ಮಜ್ಜಿಗೆ ಅನ್ನ ಕಲೆಸುವ ಹೊತ್ತಿಗೆ ತುಂಗಕ್ಕನಿಗೆ ನೋವು ಶುರುವಾಯಿತು. ವಸಂತರಾಯರು 'ಬ್ಯಾರೆ ಏನರೆ' ನೋಡುವ ಮಾತೇ ಎತ್ತಲಿಲ್ಲ. ಎಂಜಲು ಕೈಯಲ್ಲೇ ನನ್ನ ಪಕ್ಕ ಬಂದು ಕೂತರು. ಅಕ್ಕತಂಗಿಯರು ಹಿಂದೆ. ಮಾಹೀಮ್ ದಾಟಿದೆವು. ಒಂದು ಏರು ಬಂತು. ಆಗ ಕೇಳಿಸಿತು: ಕಟ ಕಟ ಕಟ.

"ಅಯ್ಯಯ್ಯೋ, ಮತ್ತ ಸುರು ಆತಲ್ರೀ!" ಎಂದರು ವಸಂತರಾಯರು.

ವೇಗ ಇಳಿಸಿದೆ, ಕಟ ಕಟ. ಗೇರು ಬದಲಿಸಿದೆ, ಕಟ ಕಟ. ಬದಿಗೆ ನಿಲ್ಲಿಸೋಣವೆಂದು ತಿರುಗಿಸಿದರೆ ತುಂಗಕ್ಕ "ನಿಂದರಸಬ್ಯಾಡ್ರೀ!" ಎಂದು ಚೀರಿದರು. ಗೋದಾ ಮುಂದಕ್ಕೆ ಬಾಗಿ, ಕಣ್ಣುಮುಚ್ಚಿ, ನನ್ನ ಹೆಗಲ ಬಳಿ ಕಿವಿಯಿಟ್ಟು ಕೇಳಿದಳು.

"ಎಂಜಿನ್ ಛಲೋ ಐತಿ. ಇದು ನಿಮ್ಮ ಹಲ್ಲಿನ ಸಪ್ಪಳಾ. ಗಟ್ಟಿ ಕಚ್ಚಿ ಹಿಡಕೊಂಡು ಗಾಡಿ ಹೊಡೀರಿ."

ನೋವಿನ ನಡುವೆಯೂ ತುಂಗಕ್ಕ ನಕ್ಕುಬಿಟ್ಟರು. ನಾನು ದವಡೆ ಬಿಗಿದೆ. ಗ್ರಾಂಟ್ ರೋಡ್ ಬರುವವರೆಗೆ ಕಟ ಕಟ ಮತ್ತೆ ಕೇಳಿಸಲಿಲ್ಲ.

ಹೊತ್ತು ಮುಳುಗುವ ಮುನ್ನ ಹೆಣ್ಣುಕೂಸು ಹುಟ್ಟಿ, ಆಸ್ಪತ್ರೆಯ ಪಡಸಾಲೆಗೆಲ್ಲ ಕೇಳುವಂತೆ ಅತ್ತಿತು. ವಸಂತರಾಯರು ಹೊರಗೆ ಬಂದು, ಕಣ್ಣೊರೆಸಿಕೊಂಡು, ಕಾರಿನ ಬಾನೆಟ್ಟನ್ನು ಮಗನ ಬೆನ್ನು ತಟ್ಟುವ ಹಾಗೆ ತಟ್ಟಿದರು. ನನ್ನ ಬೆನ್ನು ಪಕ್ಕದಲ್ಲೇ ಇತ್ತು. ಅದು ಅವರ ಕಣ್ಣಿಗೆ ಬೀಳಲಿಲ್ಲ. ಇರಲಿ. ಅಂದಿನಿಂದ ಏರು ಬಂದಾಗಲೆಲ್ಲ ಗೋದಾ ಬಾಗಿ ಕಿವಿಗೊಡುತ್ತಾಳೆ. ಎಂಜಿನ್ನು ಇರುವುದು ಬಾನೆಟ್ಟಿನ ಕೆಳಗೆ. ಅವಳ ಕಿವಿ ಇರುವುದು ನನ್ನ ದವಡೆಯ ಬಳಿ.